ಅಯೋವಾದ ರೈತನ ಹೆಂಡತಿ, 1838–1911: ಇವರ ತವರುಮನೆ ಹುಡುಕುವುದು ಹೇಗೆ?

ಜೋಳದಹಾದಿ:

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿ ಕಡೆಯವಳು, ಮದುವೆಯಾದ ಮೇಲೆ ಅಮೆರಿಕದ ಅಯೋವಾ ರಾಜ್ಯದಲ್ಲಿದ್ದೇನೆ. ನನ್ನ ಗಂಡನ ಮನೆಯವರು ಮಾರ್ಷಲ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಹಳೇ ರೈತರು. ಈಗಲೂ ಮೆಕ್ಕೆಜೋಳ, ಸೋಯಾ ಬೆಳೆಯುತ್ತಾರೆ. ನಾನು ಹುಡುಕುತ್ತಿರುವುದು ನನ್ನ ಗಂಡನ ತಾತನ ಅಜ್ಜಿಯನ್ನು. ಇಲ್ಲಿ ಸುಮ್ನೆ ದೊಡ್ಡಜ್ಜಿ ಅಂತ ಬರೆಯುತ್ತೇನೆ. ಮನೆಯವರ ಹೆಸರನ್ನು ಎಲ್ಲರೆದುರು ಹಾಕುವುದು ನಮ್ಮ ಅತ್ತೆಗೆ ಇಷ್ಟವಿಲ್ಲ.

ಗಂಡಸರ ಕಡೆಯ ಚರಿತ್ರೆ ಚೆನ್ನಾಗಿಯೇ ಇದೆ. ಮನೆಯವರೇ ಅಚ್ಚು ಹಾಕಿಸಿದ ಪುಸ್ತಕ ಒಂದಿದೆ. ಅದರಲ್ಲಿ ದೊಡ್ಡಜ್ಜನಿಗೆ ಮೂರು ಪುಟ. ಯಾವ ವರ್ಷ ಎಷ್ಟು ಎಕರೆ ಕೊಂಡರು, ಕೊಟ್ಟಿಗೆ ಯಾವಾಗ ಕಟ್ಟಿಸಿದರು, ಕುದುರೆಗಳ ಹೆಸರೇನು, ಎಲ್ಲ ಇದೆ. ದೊಡ್ಡಜ್ಜಿಗೆ ಒಂದೇ ಸಾಲು: ಓಹಾಯೋದಲ್ಲಿ ಮದುವೆಯಾದರು, ಒಂಬತ್ತು ಮಕ್ಕಳು. ಕುದುರೆಗೆ ಹೆಸರಿದೆ, ಇವರ ತವರಿಗೆ ಹೆಸರಿಲ್ಲ. ಓದಿದಾಗ ಹೊಟ್ಟೆ ಉರಿಯಿತು.

ನಮ್ಮ ಮನೆಯ ವಂಶಾವಳಿಯೂ ಹೀಗೇ ಅಲ್ವಾ? ಅಜ್ಜ, ಮುತ್ತಜ್ಜ, ಅವರಪ್ಪ ಎಲ್ಲರೂ ಸಾಲಾಗಿ ಇದ್ದಾರೆ. ಅಜ್ಜಿಯ ತವರು ಯಾವ ಊರು ಅಂತ ಕೇಳಿದರೆ ಹೇಳುವವರು ಈಗ ಯಾರೂ ಉಳಿದಿಲ್ಲ. ಇಲ್ಲಿ ಕಾಗದವಾದರೂ ಉಳಿದಿರಬಹುದು ಅಂತ ನನಗೆ ಆಸೆ.

ನನ್ನ ಕೈಯಲ್ಲಿರುವುದು ಇಷ್ಟು. ಸಮಾಧಿಯ ಕಲ್ಲಿನಲ್ಲಿ ಗಂಡನ ಹೆಸರು ದೊಡ್ಡದಾಗಿದೆ. ಅದರ ಕೆಳಗೆ ದೊಡ್ಡಜ್ಜಿಯ ಮೊದಲ ಹೆಸರು, "ಅವರ ಹೆಂಡತಿ", 1838–1911. ಕಲ್ಲಿನ ಪಕ್ಕ ನೆಲಕ್ಕೆ ನೆಟ್ಟ ಒಂದು ಲೋಹದ ನಕ್ಷತ್ರವಿದೆ, ಅದು ಏನು ಅಂತ ಅತ್ತೆಗೂ ಗೊತ್ತಿಲ್ಲ. 1900ರ ಸೆನ್ಸಸ್‌ನಲ್ಲಿ, ಅಂದರೆ ದೇಶದ ಜನಗಣತಿಯಲ್ಲಿ, ಇವರ ಸಾಲು ಸಿಕ್ಕಿತು: ಹುಟ್ಟಿದ್ದು ಓಹಾಯೋ, ಮದುವೆಯಾಗಿ 43 ವರ್ಷ, ಹೆತ್ತ ಮಕ್ಕಳು 9, ಬದುಕಿರುವವರು 5. ಉಳಿದ ನಾಲ್ವರ ಹೆಸರು ಯಾರ ಬಾಯಲ್ಲೂ ಇಲ್ಲ. ಆಮೇಲೆ ಒಂದು ಹಳೇ ಕ್ವಿಲ್ಟ್ ಇದೆ, ನಮ್ಮ ಕೌದಿಯ ಥರದ್ದು. ಅದರ ಒಂದೊಂದು ಚೌಕದಲ್ಲೂ ಕಂದು ಶಾಯಿಯಲ್ಲಿ ಒಂದೊಂದು ಹೆಸರು. ಒಂದು ಚೌಕದಲ್ಲಿ ಮಾತ್ರ 1858 ಅಂತ ಬರೆದಿದೆ. ಮನೆಯ ಬೈಬಲ್ಲಿನಲ್ಲಿ ಹುಟ್ಟು ಸಾವು ಬರೆದಿಟ್ಟಿದ್ದರಂತೆ. ಮನೆಗೆ ಬೆಂಕಿ ಬಿದ್ದಾಗ ಅದೂ ಹೋಯಿತು.

ಇವರು ಯಾರ ಮಗಳು? ಎಲ್ಲಿಂದ ಶುರು ಮಾಡಲಿ?

ದಫ್ತರಖಾನೆ:

ಮೇಡಂ, ನಾನು ಓಹಾಯೋದ ಕೊಲಂಬಸ್‌ನಲ್ಲಿದ್ದೇನೆ. ಕೆಲಸದಿಂದ ನಿವೃತ್ತನಾದ ಮೇಲೆ ಇಲ್ಲಿಯ ಲೈಬ್ರರಿಯಲ್ಲಿ ಹಳೇ ದಾಖಲೆ ಹುಡುಕುವವರಿಗೆ ನೆರವಾಗುತ್ತೇನೆ. ನಿಮ್ಮ ದೊಡ್ಡಜ್ಜಿ ಅಯೋವಾಕ್ಕೆ ಹೋಗಿ ನಿಮಗೆ ಒಳ್ಳೆಯದನ್ನೇ ಮಾಡಿದ್ದಾರೆ. ಆ ರಾಜ್ಯ ತನ್ನದೇ ಜನಗಣತಿ ಮಾಡುತ್ತಿತ್ತು. ಮೊದಲು 1925ರದ್ದನ್ನು ತೆಗೆಯಿರಿ. ಅದರಲ್ಲಿ ಪ್ರತಿಯೊಬ್ಬರಿಗೂ ತಂದೆಯ ಹೆಸರು, ತಾಯಿಯ ಮದುವೆಗೆ ಮುಂಚಿನ ಹೆಸರು, ಅವರು ಹುಟ್ಟಿದ್ದೆಲ್ಲಿ, ಮದುವೆಯಾದದ್ದೆಲ್ಲಿ ಅಂತ ಕೇಳಿದ್ದಾರೆ. ದೊಡ್ಡಜ್ಜಿ 1911ರಲ್ಲೇ ತೀರಿಕೊಂಡರು, ನಿಜ. ಆದರೆ ಆ ಐದು ಮಕ್ಕಳಲ್ಲಿ ಒಬ್ಬರಾದರೂ 1925ರಲ್ಲಿ ಅಯೋವಾದಲ್ಲಿದ್ದರೆ ಸಾಕು. ಅವರ ಸಾಲಿನಲ್ಲಿ ತಾಯಿಯ ತವರಿನ ಹೆಸರು ಇರಬೇಕು. ಫ್ಯಾಮಿಲಿಸರ್ಚ್ ಅನ್ನುವ ವಂಶಾವಳಿಯ ವೆಬ್‌ಸೈಟಿನಲ್ಲಿ ಹುಡುಕಿ.

ಆ ನಕ್ಷತ್ರ ಬಹುಶಃ ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್‌ನದು. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ರಾಜ್ಯಗಳ ಕಡೆ ಹೋರಾಡಿದವರು 1866ರಲ್ಲಿ ಕಟ್ಟಿಕೊಂಡ ಸಂಘ ಅದು. ಮಧ್ಯದಲ್ಲಿ ಆ ಸಂಘದ ಗುರುತು ಇದೆಯಾ ನೋಡಿ. ಇದ್ದರೆ ದೊಡ್ಡಜ್ಜ ಯುದ್ಧಕ್ಕೆ ಹೋಗಿ ಬಂದವರು ಅಂತಾಯಿತು. ಆಗ ಪಿಂಚಣಿ ಕಡತ ಇರುವ ಸಂಭವ ಜಾಸ್ತಿ. ಕಡತಗಳು ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ಪ್ರತಿಗೆ ಅರ್ಜಿ ಹಾಕಬಹುದು. 1898ರಲ್ಲಿ ಪಿಂಚಣಿ ಕಚೇರಿಯವರು ಪಿಂಚಣಿ ಪಡೆಯುತ್ತಿದ್ದ ಹಳೇ ಸೈನಿಕರಿಗೆ ಒಂದು ಫಾರಂ ಕಳಿಸಿದರು. ಹೆಂಡತಿಯ ಪೂರ್ತಿ ಹೆಸರು, ಮದುವೆಗೆ ಮುಂಚಿನ ಹೆಸರು, ಮದುವೆ ಎಲ್ಲಿ, ಯಾವಾಗ, ಮಾಡಿಸಿದವರು ಯಾರು, ಬದುಕಿರುವ ಮಕ್ಕಳು ಯಾರ್ಯಾರು, ಯಾವಾಗ ಹುಟ್ಟಿದರು. ಗಂಡ ಸತ್ತ ಮೇಲೆ ವಿಧವೆ ಪಿಂಚಣಿ ಕೇಳಿದರೆ ಮದುವೆ ಆಗಿದ್ದು ನಿಜ ಅಂತ ಆಕೆಯೇ ರುಜುವಾತು ಮಾಡಬೇಕಿತ್ತು. ಸೂಲಗಿತ್ತಿ, ಪಕ್ಕದ ಹೊಲದವರು, ಒಡಹುಟ್ಟಿದವರು ಬಂದು ಪ್ರಮಾಣ ಮಾಡಿ ಹೇಳಿಕೆ ಕೊಟ್ಟ ಕಡತಗಳನ್ನು ನಾನು ಓದಿದ್ದೇನೆ. ಕೆಲವರು ಬೈಬಲ್ಲಿನ ಹಾಳೆಯನ್ನೇ ಹರಿದು ಕಳಿಸಿದ್ದಾರೆ. ಅದು ಇವತ್ತಿಗೂ ಕಡತದಲ್ಲೇ ಇದೆ.

ಒಂದು ಮಾತು ಹೇಳಬೇಕು. ಈ ಹೆಂಗಸರು ದಾಖಲೆಯಲ್ಲೇ ಇಲ್ಲ ಅಂತ ಎಲ್ಲರೂ ಕೈಚೆಲ್ಲುತ್ತಾರೆ. ಇದ್ದಾರೆ, ಆದರೆ ಗಂಡಸರನ್ನು ಹುಡುಕುವ ಜಾಗದಲ್ಲಿ ಇರುವುದಿಲ್ಲ. 1850ಕ್ಕೆ ಮುಂಚೆ ಸೆನ್ಸಸ್ ಮನೆ ಯಜಮಾನನ ಹೆಸರು ಮಾತ್ರ ಬರೆಯುತ್ತಿತ್ತು. 1840ರಲ್ಲಿ ನಿಮ್ಮ ದೊಡ್ಡಜ್ಜಿ ಅಪ್ಪನ ಹೆಸರಿನ ಮುಂದೆ, ಐದು ವರ್ಷದೊಳಗಿನ ಹೆಣ್ಣು ಅನ್ನುವ ಕಾಲಂನಲ್ಲಿ ಬರೀ ಒಂದು ಅಂಕಿ. 1850ರಲ್ಲಿ ಹನ್ನೆರಡರ ಹುಡುಗಿಯಾಗಿ ಹೆಸರು ಸಮೇತ ಬರುತ್ತಾರೆ. ಅಲ್ಲೂ ಮನೆ ಯಜಮಾನನಿಗೆ ಏನಾಗಬೇಕು ಅಂತ ಬರೆದಿರುವುದಿಲ್ಲ, ಆ ಕಾಲಂ ಬಂದಿದ್ದೇ 1880ರಲ್ಲಿ. 1890ರ ಗಣತಿಯನ್ನು ಹುಡುಕಲೇ ಬೇಡಿ. 1921ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿ ಬಿದ್ದು ಹೆಚ್ಚೂಕಡಿಮೆ ಎಲ್ಲ ಹಾಳಾಯಿತು. ಅದರ ಬದಲು ಅಯೋವಾದ 1885 ಮತ್ತು 1895ರ ರಾಜ್ಯ ಗಣತಿ ನೋಡಿ.

ಆದರೆ ಎಲ್ಲಿ ದುಡ್ಡು, ಜಮೀನು, ಪಿಂಚಣಿ ಅಂತ ಬಂತೋ ಅಲ್ಲಿ ಕಾನೂನಿಗೆ ಹೆಂಗಸಿನ ಹೆಸರು ಬೇಕೇ ಬೇಕಿತ್ತು. ಅಲ್ಲಿ ಹುಡುಕಿ. ಮೊದಲು 1925 ನೋಡಿ ಬನ್ನಿ, ಮುಂದಿನದು ಆಮೇಲೆ.

ಸೂಜಿದಾರ:

ಅಕ್ಕಾ, ಆ ಕ್ವಿಲ್ಟನ್ನು ದಯವಿಟ್ಟು ತೊಳೆಯಬೇಡಿ, ಇಸ್ತ್ರಿಯನ್ನೂ ಮಾಡಬೇಡಿ! ಹಳೇ ಶಾಯಿ ಬಟ್ಟೆಯನ್ನೇ ತಿನ್ನುತ್ತದೆ. ಬರೆದ ಜಾಗದಲ್ಲಿ ಈಗಾಗಲೇ ಎಳೆ ಬಿಟ್ಟಿರಬಹುದು. ಹಾಸಿಗೆ ಮೇಲೆ ಹರಡಿ, ಕಿಟಕಿ ಬೆಳಕಿನಲ್ಲಿ ಒಂದೊಂದು ಚೌಕದ ಫೋಟೋ ತೆಗೆಯಿರಿ. ಯಾವ ಸಾಲು, ಎಷ್ಟನೇ ಚೌಕ ಅಂತ ಬರೆದಿಟ್ಟುಕೊಳ್ಳಿ.

ನಾನು ಧಾರವಾಡದವಳು, ಮಿನೆಸೋಟಾದಲ್ಲಿ ಇದ್ದೇನೆ, ಇಲ್ಲಿಯ ಕ್ವಿಲ್ಟ್ ಗುಂಪಿನಲ್ಲಿ ಹೊಲಿಯುತ್ತೇನೆ. ನಮ್ಮ ಕಡೆ ಕೌದಿಯಲ್ಲಿ ಅಜ್ಜಿಯ ಇಳಕಲ್ ಸೀರೆಯ ತುಂಡು, ಕೂಸಿನ ಅಂಗಿಯ ತುಂಡು ಎಲ್ಲ ಸೇರುವ ಹಾಗೆ ಇಲ್ಲಿಯವರು ಇದರಲ್ಲಿ ಹೆಸರುಗಳನ್ನೇ ಸೇರಿಸುತ್ತಿದ್ದರು. 1840, 1850ರ ದಶಕಗಳಲ್ಲಿ ಇದು ತುಂಬಾ ಚಾಲ್ತಿಯಲ್ಲಿತ್ತು. ಪಶ್ಚಿಮದ ಕಡೆ ಹೊರಟವಳಿಗೆ ನೆಂಟರು, ನೆರೆಹೊರೆಯವರು ಸೇರಿ ಹೊಲಿದು ಕೊಟ್ಟ ಇಂಥವು ಎಷ್ಟೋ ಇವೆ. ನಿಮ್ಮದರಲ್ಲಿರುವ 1858 ಅವರು ಓಹಾಯೋ ಬಿಟ್ಟ ವರ್ಷವೇ ಇರಬೇಕು ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ವಿಷಯ. ಅಕ್ಷರ ಎಲ್ಲ ಒಂದೇ ಥರ ಇದ್ದರೆ ಆಶ್ಚರ್ಯ ಬೇಡ. ಕೈಬರಹ ಚೆನ್ನಾಗಿರುವ ಒಬ್ಬರೇ ಎಲ್ಲರ ಹೆಸರನ್ನೂ ಬರೆದುಕೊಡುವುದು ಸಾಮಾನ್ಯವಾಗಿತ್ತು. ಬಟ್ಟೆಯ ಮೇಲೆ ಹೆಸರಿದೆ ಅಂದ ಮಾತ್ರಕ್ಕೆ ಅದು ಅವರವರ ಸಹಿ ಅಂತ ತಿಳಿಯಬೇಡಿ. ಹೆಸರುಗಳ ಪಟ್ಟಿ ಮಾಡಿ, 1850ರ ಓಹಾಯೋ ಸೆನ್ಸಸ್ ಪಕ್ಕದಲ್ಲಿಟ್ಟು ನೋಡಿ. ಗಣತಿಯವನು ಮನೆಯಿಂದ ಮನೆಗೆ ಹೋಗಿ ಬರೆದದ್ದು, ಹಾಗಾಗಿ ನೆರೆಯವರು ಒಂದೇ ಪುಟದಲ್ಲಿ ಸಿಗುತ್ತಾರೆ.

ಜೋಳದಹಾದಿ:

ಸಿಕ್ಕಿತು! 1925ರಲ್ಲಿ ಒಬ್ಬ ಮಗ, ಒಬ್ಬಳು ಮಗಳು ಅಯೋವಾದಲ್ಲೇ ಇದ್ದರು. ಇಬ್ಬರ ಸಾಲಿನಲ್ಲೂ ತಾಯಿಯ ತವರಿನ ಹೆಸರಿದೆ. ಕಾಗುಣಿತ ಬೇರೆ ಬೇರೆ, ಆದರೆ ಓದಿದರೆ ಒಂದೇ ಹೆಸರು. ತಂದೆ ತಾಯಿ ಮದುವೆಯಾದ ಜಾಗಕ್ಕೆ ಇಬ್ಬರೂ ಓಹಾಯೋ ಅಂತಲೇ ಹೇಳಿದ್ದಾರೆ. ಆ ಹೆಸರು ಹಿಡಿದುಕೊಂಡು ಕ್ವಿಲ್ಟ್ ನೋಡಿದರೆ ನಾಲ್ಕು ಚೌಕದಲ್ಲಿ ಅದೇ ಮನೆತನದ ಹೆಸರು! ನಮ್ಮ ಅತ್ತೆ ಆ ಕ್ವಿಲ್ಟನ್ನು ಇಷ್ಟು ವರ್ಷ ಮಡಚಿ ಜೋಪಾನ ಮಾಡಿದವರು. ಅವು ದೊಡ್ಡಜ್ಜಿಯ ಒಡಹುಟ್ಟಿದವರ ಹೆಸರಿರಬಹುದು ಅಂತ ಕೇಳಿ ಕುರ್ಚಿ ಎಳೆದುಕೊಂಡು ಅದರ ಪಕ್ಕದಲ್ಲೇ ಕೂತುಬಿಟ್ಟರು.

ನಕ್ಷತ್ರದ ಮಧ್ಯದಲ್ಲಿ ಆ ಸಂಘದ ಗುರುತೇ ಇದೆ. ಪಿಂಚಣಿ ಕಡತಕ್ಕೆ ಅರ್ಜಿ ಹಾಕಿದ್ದೇನೆ.

ಈಗ ಒಂದು ತೊಡಕು. ಕ್ವಿಲ್ಟಿನ ಹೆಸರುಗಳಲ್ಲಿ ಎಷ್ಟೋ ಜನ 1850ರಲ್ಲಿ ಓಹಾಯೋದ ನಾಕ್ಸ್ ಕೌಂಟಿಯಲ್ಲಿ ಸಿಗುತ್ತಾರೆ. ಅಲ್ಲಿ ಆ ಮನೆತನದ ಎರಡು ಮನೆಗಳಿವೆ, ಅಣ್ಣ ತಮ್ಮಂದಿರ ಮನೆ ಇರಬೇಕು. ಎರಡರಲ್ಲೂ ದೊಡ್ಡಜ್ಜಿಯ ಹೆಸರಿನ ಹುಡುಗಿ ಇದ್ದಾಳೆ. ಒಬ್ಬಳಿಗೆ ಹನ್ನೆರಡು, ಇನ್ನೊಬ್ಬಳಿಗೆ ಹನ್ನೊಂದು. ಅಜ್ಜಿಯ ಹೆಸರನ್ನೇ ಇಬ್ಬರು ಮೊಮ್ಮಕ್ಕಳಿಗೂ ಇಟ್ಟಿದ್ದಾರೆ ಅಂತ ಕಾಣುತ್ತದೆ, ನಮ್ಮಲ್ಲಿ ಇಡುವ ಹಾಗೆ. ನಮ್ಮವರು ಯಾವ ಮನೆಯವರು? ವಯಸ್ಸು ಹೊಂದುತ್ತದೆ ಅಂತ ಹನ್ನೆರಡರವಳನ್ನು ಆರಿಸಿಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ.

ದಫ್ತರಖಾನೆ:

ಒಪ್ಪಲೂಬಾರದು. ಸೆನ್ಸಸ್‌ನಲ್ಲಿ ವಯಸ್ಸು ಒಂದೆರಡು ವರ್ಷ ಆಚೀಚೆ ಆಗುವುದು ಮಾಮೂಲು.

ಈಗ ಜಮೀನಿನ ಪತ್ರಕ್ಕೆ ಹೋಗೋಣ. ಊರಲ್ಲಿ ಅಪ್ಪ ತೀರಿಕೊಂಡ ಮೇಲೆ ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ನೋಡಿದ್ದೀರಲ್ಲ, ಇಲ್ಲೂ ಅಂಥದ್ದೇ ಒಂದಿದೆ, ಕ್ವಿಟ್‌ಕ್ಲೇಮ್ ಡೀಡ್ ಅನ್ನುತ್ತಾರೆ. ಓಹಾಯೋ ಕಡೆಯ ಸೀಮೆಗೆ 1787ರ ನಾರ್ತ್‌ವೆಸ್ಟ್ ಆರ್ಡಿನನ್ಸ್ ಅನ್ನುವ ಕಾಯಿದೆಯಲ್ಲೇ ಒಂದು ನಿಯಮ ಬಂತು. ಉಯಿಲು ಬರೆಯದೆ ಸತ್ತವರ ಜಮೀನು ಮಕ್ಕಳಿಗೆಲ್ಲ ಸಮಪಾಲು. ಗಂಡುಮಕ್ಕಳಿಗೆ ಮಾತ್ರ ಅಂತ ಇಲ್ಲ. ಹಾಗಾಗಿ ಅಪ್ಪನ ಹೊಲವನ್ನು ಒಬ್ಬ ಮಗ ಇಟ್ಟುಕೊಳ್ಳಬೇಕಾದರೆ ಉಳಿದವರ ಪಾಲಿಗೆ ದುಡ್ಡು ಕೊಟ್ಟು ಪತ್ರ ಬರೆಸಿಕೊಳ್ಳಬೇಕಿತ್ತು. ಆ ಪತ್ರದಲ್ಲಿ ಮಗಳ ಹೆಸರು, ಆಕೆಯ ಗಂಡನ ಹೆಸರು, ಅವರು ಆಗ ಇದ್ದ ಕೌಂಟಿ ಎಲ್ಲ ಬರುತ್ತದೆ. ನಿಮಗೆ ಬೇಕಾದದ್ದು ಅದೇ. ದೊಡ್ಡಜ್ಜನ ಹೆಸರು ಯಾವ ಮನೆಯ ಪತ್ರದಲ್ಲಿದೆಯೋ ಅದೇ ತವರು.

ಪತ್ರದ ಕೊನೆಯ ಭಾಗವನ್ನು ಬಿಡದೆ ಓದಿ. ಆಗಿನ ಓಹಾಯೋ ಪತ್ರಗಳಲ್ಲಿ ಅಧಿಕಾರಿಯ ಒಂದು ಹೇಳಿಕೆ ಇರುತ್ತದೆ: ಗಂಡನಿಂದ ಬೇರೆಯಾಗಿ ನಿಲ್ಲಿಸಿ ಹೆಂಡತಿಯೊಬ್ಬಳನ್ನೇ ವಿಚಾರಿಸಿದೆ, ಪತ್ರದಲ್ಲಿ ಏನಿದೆ ಅಂತ ತಿಳಿಸಿ ಹೇಳಿದೆ, ಯಾರ ಬಲವಂತವೂ ಇಲ್ಲದೆ ಒಪ್ಪಿದ್ದಾಳೆ. ಹೆಂಗಸಿನ ಒಪ್ಪಿಗೆಯನ್ನು ಸರಕಾರ ಕಿವಿಗೊಟ್ಟು ಕೇಳಿ ಬರೆದುಕೊಂಡ ಜಾಗ ಆ ಕಾಲದಲ್ಲಿ ತೀರಾ ಕಡಿಮೆ. ಅದಕ್ಕೇ ನನಗೆ ಈ ಪುಸ್ತಕಗಳ ಮೇಲೆ ಅಷ್ಟು ಪ್ರೀತಿ.

ಹುಡುಕುವುದು ಈಗ ಮೊದಲಿನಷ್ಟು ಕಷ್ಟವಲ್ಲ. ಫ್ಯಾಮಿಲಿಸರ್ಚ್‌ನಲ್ಲಿ ಫುಲ್ ಟೆಕ್ಸ್ಟ್ ಸರ್ಚ್ ಬಂದಿದೆ. ಕಂಪ್ಯೂಟರೇ ಹಳೇ ಕೈಬರಹ ಓದಿ ಕೊಡುತ್ತದೆ. ಅಮೆರಿಕದ ಜಮೀನು ಮತ್ತು ಆಸ್ತಿ ಪಾಲಿನ ಪುಸ್ತಕಗಳು ಅದರಲ್ಲಿ ಬೇಕಾದಷ್ಟಿವೆ. ದೊಡ್ಡಜ್ಜನ ಹೆಸರು ಹಾಕಿ, ಜಾಗ ಓಹಾಯೋ ಅಂತ ಕೊಡಿ.

ಬಯಲುಗಾಳಿ:

ತೀರಿಹೋದ ಆ ನಾಲ್ಕು ಮಕ್ಕಳ ವಿಷಯಕ್ಕೆ ಒಂದು ಸೇರಿಸುತ್ತೇನೆ. 1850ರಿಂದ 1880ರವರೆಗೆ ಸೆನ್ಸಸ್ ಜೊತೆ ಸಾವಿನ ಪಟ್ಟಿಯನ್ನೂ ಬರೆದಿದ್ದಾರೆ. ಜೂನ್ 1ಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ಸತ್ತವರು ಮಾತ್ರ ಅದರಲ್ಲಿರುತ್ತಾರೆ. ಹತ್ತು ವರ್ಷದಲ್ಲಿ ಒಂದು ವರ್ಷ ಅಷ್ಟೇ, ಆದರೂ ನೋಡಿ. ವಯಸ್ಸು, ತಿಂಗಳು, ಕಾಯಿಲೆ ಇರುತ್ತದೆ. ಅಯೋವಾದಲ್ಲಿ ರಾಜ್ಯದ ಕಾಯಿದೆಯಂತೆ ಹುಟ್ಟು ಸಾವು ದಾಖಲೆ ಶುರುವಾದದ್ದು 1880ರಲ್ಲಿ. ಅದಕ್ಕೆ ಮುಂಚೆ ಹೋದ ಮಕ್ಕಳಿಗೆ ಈ ಪಟ್ಟಿ, ಚರ್ಚಿನ ಪುಸ್ತಕ, ಸಮಾಧಿ ಕಲ್ಲು ಇಷ್ಟೇ ದಾರಿ.

ಕೃಷಿ ಪಟ್ಟಿ ಅಂತ ಬೇರೆ ಇದೆ, ಅದನ್ನೂ ಬಿಡಬೇಡಿ. 1880ರದ್ದರಲ್ಲಿ ಆ ಹೊಲದಲ್ಲಿ ಹಿಂದಿನ ವರ್ಷ ಎಷ್ಟು ಪೌಂಡ್ ಬೆಣ್ಣೆ ಆಯಿತು, ಎಷ್ಟು ಡಜನ್ ಮೊಟ್ಟೆ ಬಂತು ಅಂತ ಬರೆದಿದೆ. ಸಾಲು ಗಂಡನ ಹೆಸರಿನಲ್ಲೇ ಇರುತ್ತದೆ. ಬೆಣ್ಣೆ ಕಡೆಯುವುದು, ಕೋಳಿ ಸಾಕುವುದು ಹೆಚ್ಚಾಗಿ ಹೆಂಗಸರ ಕೆಲಸ. ಅದನ್ನು ಊರಿನ ಅಂಗಡಿಗೆ ಕೊಟ್ಟು ಸಕ್ಕರೆ, ಕಾಫಿ, ಬಟ್ಟೆ ತರುತ್ತಿದ್ದರು. ಅದೇ ವರ್ಷದ ಜನರ ಪಟ್ಟಿಯಲ್ಲಿ ಆಕೆಯ ಉದ್ಯೋಗ ಅಂತ ನೋಡಿದರೆ ಮನೆ ನೋಡಿಕೊಳ್ಳುವುದು ಅಂತಷ್ಟೇ ಇರುತ್ತದೆ. ಎರಡು ಪಟ್ಟಿಯನ್ನೂ ಒಟ್ಟಿಗೆ ಇಟ್ಟು ಓದಿ.

ಜೋಳದಹಾದಿ:

ಎಲ್ಲರಿಗೂ ಕೈಮುಗಿಯುತ್ತೇನೆ. ಒಂದೊಂದಾಗಿ ಹೇಳುತ್ತೇನೆ.

ಪತ್ರ ಸಿಕ್ಕಿತು. ನಾಕ್ಸ್ ಕೌಂಟಿ, 1869ರ ಮಾರ್ಚ್. ಅಪ್ಪ ಹಿಂದಿನ ವರ್ಷ ಉಯಿಲಿಲ್ಲದೆ ತೀರಿಕೊಂಡಿದ್ದಾರೆ. ಏಳು ಮಕ್ಕಳು. ದೊಡ್ಡಮಗ ಹೊಲ ಇಟ್ಟುಕೊಂಡು ಉಳಿದವರಿಗೆ ಪಾಲಿನ ದುಡ್ಡು ಕೊಟ್ಟಿದ್ದಾನೆ. "ಅಯೋವಾ ರಾಜ್ಯದ ಮಾರ್ಷಲ್ ಕೌಂಟಿಯಲ್ಲಿರುವ" ಅಂತ ದೊಡ್ಡಜ್ಜ ದೊಡ್ಡಜ್ಜಿ ಇಬ್ಬರ ಹೆಸರೂ ಸ್ಪಷ್ಟವಾಗಿದೆ. ನಮ್ಮವರು ಹನ್ನೊಂದರ ಹುಡುಗಿಯ ಮನೆಯವರು! ಕ್ವಿಲ್ಟಿನ ನಾಲ್ಕು ಹೆಸರಲ್ಲಿ ಮೂರು ಈ ಪತ್ರದಲ್ಲಿವೆ, ಎಲ್ಲ ಒಡಹುಟ್ಟಿದವರೇ. ನಾಲ್ಕನೆಯದು ಅವರ ತಾಯಿಯ ಹೆಸರು.

ಗಂಡನಿಂದ ಬೇರೆಯಾಗಿ ವಿಚಾರಿಸಿದೆ ಅನ್ನುವ ಆ ಮಾತೂ ಇದೆ. ಅದರ ಮೇಲೆ ಸಹಿ ಇರುವ ಕಡೆ ಮೊದಲ ಹೆಸರು, ಗಂಡನ ಮನೆತನದ ಹೆಸರು, ಎರಡರ ನಡುವೆ ಒಂದು ಗುಣಾಕಾರದ ಗುರುತು. ಗುರುತಿನ ಮೇಲೊಂದು ಕೆಳಗೊಂದು ಸಣ್ಣ ಅಕ್ಷರದಲ್ಲಿ, ಇದು ಆಕೆಯ ಗುರುತು ಅಂತ ಬರೆದಿದೆ. ದೊಡ್ಡಜ್ಜಿಗೆ ಬರೆಯಲು ಬರುತ್ತಿರಲಿಲ್ಲ. ಕ್ವಿಲ್ಟಿನಲ್ಲಿ ಅವರ ಹೆಸರು ಮುತ್ತಿನಂಥ ಅಕ್ಷರದಲ್ಲಿದೆ. ಸೂಜಿದಾರ ಅವರು ಮೊದಲೇ ಹೇಳಿರದಿದ್ದರೆ ಇವರು ಬೇರೆ ಯಾರೋ ಅಂತ ಆ ಪತ್ರವನ್ನೇ ಬಿಟ್ಟುಬಿಡುತ್ತಿದ್ದೆ. 1870ರ ಸೆನ್ಸಸ್‌ನಲ್ಲಿ ಬರೆಯಲು ಬಾರದು ಅನ್ನುವ ಕಾಲಂನಲ್ಲಿ ಅವರ ಮುಂದೆ ಗೆರೆ ಇದೆ. ಓದಲು ಬಾರದು ಅನ್ನುವ ಕಾಲಂ ಖಾಲಿ. ಅಂದರೆ ಬೈಬಲ್ ಓದುತ್ತಿದ್ದರು ಅಂತ ಅತ್ತೆಗೆ ಸಮಾಧಾನ.

ಈಗ ಮುಖ್ಯ ವಿಷಯ. ದೊಡ್ಡಜ್ಜಿಯ ಪಾಲಿಗೆ ಬಂದದ್ದು 350 ಡಾಲರ್. ನಮ್ಮ ಮನೆಯ ಪುಸ್ತಕದಲ್ಲಿ ದೊಡ್ಡಜ್ಜನ ದುಡಿಮೆಯನ್ನು ಹೊಗಳುತ್ತಾ, 1869ರಲ್ಲಿ ಇನ್ನೂ 40 ಎಕರೆ ಕೊಂಡರು ಅಂತ ಬರೆದಿದೆ. ಆ ಖರೀದಿ ಪತ್ರವನ್ನು ಮಾರ್ಷಲ್ ಕೌಂಟಿಯಲ್ಲಿ ತೆಗೆಸಿ ನೋಡಿದೆ. ಎರಡು ಪತ್ರಗಳ ನಡುವೆ ಐದು ವಾರ ಕೂಡ ಇಲ್ಲ. ಆ 40 ಎಕರೆ ಈಗಲೂ ನಮ್ಮದೇ, ಹೊಳೆಯ ಪಕ್ಕದ ಒಳ್ಳೇ ನೆಲ. ತವರಿನ ಪಾಲಿನಿಂದ ಬಂದ ಹೊಲ ಅದು ಅಂತ ನನ್ನ ಮನಸ್ಸು ಹೇಳುತ್ತಿದೆ. ಗಟ್ಟಿಯಾಗಿ ಹೇಳಲು ಇನ್ನೇನು ನೋಡಬೇಕು? ಅತ್ತೆ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸುತ್ತಾರಂತೆ. ಅದರಲ್ಲಿ ಈ ವಿಷಯ ಸರಿಯಾಗಿ ಬರಬೇಕು.

ಮಕ್ಕಳಲ್ಲಿ ಒಬ್ಬಳು ಸಿಕ್ಕಿದಳು. 1880ರ ಸಾವಿನ ಪಟ್ಟಿ: ಹೆಣ್ಣು, 4 ವರ್ಷ, ಜನವರಿ, ಡಿಫ್ತೀರಿಯಾ. ಹೆಸರಿದೆ. ಆ ಜನವರಿಗೆ ಹಿಂದಿನ ವರ್ಷದ ಲೆಕ್ಕವಿರುವ ಕೃಷಿ ಪಟ್ಟಿಯಲ್ಲಿ 450 ಪೌಂಡ್ ಬೆಣ್ಣೆ, 200 ಡಜನ್ ಮೊಟ್ಟೆ. ನಾನು ಎರಡನ್ನೂ ಒಟ್ಟಿಗೆ ಇಟ್ಟು ಓದಿದೆ. ಆಮೇಲೆ ಸ್ವಲ್ಪ ಹೊತ್ತು ಏನೂ ಮಾಡಲು ಆಗಲಿಲ್ಲ.

ಇನ್ನೊಂದು ಕೋರಿಕೆ. ನಾಕ್ಸ್ ಕೌಂಟಿಯಲ್ಲಿ ಅವರ ತಂದೆ ತಾಯಿಯ ಸಮಾಧಿ ಇರುವ ಜಾಗ ಫೈಂಡ್ ಎ ಗ್ರೇವ್ ಅನ್ನುವ ಸಮಾಧಿಗಳ ವೆಬ್‌ಸೈಟಿನಲ್ಲಿ ಸಿಕ್ಕಿದೆ, ಆದರೆ ಫೋಟೋ ಇಲ್ಲ. ಆ ಕಡೆ ಯಾರಾದರೂ ಇದ್ದೀರಾ?

ದಫ್ತರಖಾನೆ:

ಮೇಡಂ, 40 ಎಕರೆಯ ವಿಷಯಕ್ಕೆ ಎರಡು ನೋಡಿ. ಮೊದಲನೆಯದು ಖರೀದಿ ಪತ್ರದಲ್ಲಿ ಬೆಲೆ ಎಷ್ಟು ಅಂತ. ಎರಡನೆಯದು ಅದೇ ಕೌಂಟಿಯ ಅಡಮಾನದ ಪುಸ್ತಕ. ಸಾಲ ಮಾಡಿ ಕೊಂಡಿದ್ದರೆ ಅದೇ ದಿನ ಅಥವಾ ಹತ್ತಿರದ ದಿನಗಳಲ್ಲಿ ಅಡಮಾನ ದಾಖಲಾಗಿರುತ್ತದೆ. ಅಡಮಾನ ಇಲ್ಲ, ಬೆಲೆಯೂ 350ರ ಆಸುಪಾಸು ಅಂತಾದರೆ ಕೈಯಲ್ಲಿದ್ದ ದುಡ್ಡಿನಿಂದಲೇ ಕೊಂಡರು ಅಂತ ಧೈರ್ಯವಾಗಿ ಬರೆಯಬಹುದು. ಬರೆಯುವಾಗ ಎರಡೂ ಪತ್ರದ ತಾರೀಖು, ಪುಸ್ತಕದ ಸಂಖ್ಯೆ, ಪುಟ ಹಾಕಿ. ಮುಂದೆ ಯಾರೂ ಅದನ್ನು ಮನೆಮಾತು ಅಂತ ತಳ್ಳಿಹಾಕಬಾರದು.

ನಾಕ್ಸ್ ಕೌಂಟಿಯ ಮೌಂಟ್ ವರ್ನನ್ ಊರು ನನಗೆ ಒಂದು ಗಂಟೆಯ ದಾರಿ. ಈ ಶನಿವಾರ ಮಳೆ ಇಲ್ಲದಿದ್ದರೆ ಹೋಗಿ ಬರುತ್ತೇನೆ. ಸಮಾಧಿ ಇರುವ ಟೌನ್‌ಶಿಪ್ (ಕೌಂಟಿಯೊಳಗಿನ ಭಾಗ) ಯಾವುದು, ಎಷ್ಟನೇ ಸಾಲು ಅಂತ ಖಾಸಗಿ ಸಂದೇಶದಲ್ಲಿ ಕಳಿಸಿ. ತಾಯಿಯ ಕಲ್ಲಿನಲ್ಲಿ ಸತ್ತ ದಿನದ ಜೊತೆ ಇಷ್ಟು ವರ್ಷ, ಇಷ್ಟು ತಿಂಗಳು, ಇಷ್ಟು ದಿನ ಅಂತ ಕೆತ್ತಿದ್ದರೆ ಹುಟ್ಟಿದ ದಿನವನ್ನು ಲೆಕ್ಕ ಹಾಕಿ ತೆಗೆಯಬಹುದು. ಹತ್ತಿರದಿಂದ ಫೋಟೋ ತೆಗೆಯುತ್ತೇನೆ. ಆ ತಾಯಿಯ ತವರು ಯಾವುದು ಅಂತಲೂ ಹುಡುಕಬೇಕಲ್ಲ.